ಟೋಕನ್ ಕೊಡುವ ಮೊದಲು

ಡೊಂಬಿವಲಿ, ಗುರುವಾರ ರಾತ್ರಿ

ಪ್ರೀತಿಯ ಸಹನಾ,

ನಿನ್ನೆ ಫೋನಿನಲ್ಲಿ ಆಡಿದ್ದನ್ನು ಮತ್ತೆ ಎತ್ತುವುದಿಲ್ಲ. ನನ್ನ ಮಾತು ಖಾರವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನದೇನೂ ಸಿಹಿಯಾಗಿರಲಿಲ್ಲ ಬಿಡು. ಅಮ್ಮ ಇಬ್ಬರನ್ನೂ ಬೈದು ಮಲಗಿದ್ದಾಳೆ. ಗುಡಿಪಾಡ್ವದ ದಿನ ಪುಣೆಯ ಹಿಂಜವಡಿಯಲ್ಲಿ ಕಟ್ಟುತ್ತಿರುವ ಫ್ಲ್ಯಾಟಿಗೆ ಟೋಕನ್ ಮುಂಗಡ ಕೊಡುತ್ತೇನೆ ಎಂದೆಯಲ್ಲ, ಅದಕ್ಕೆ ಮುಂಚೆ ಇದನ್ನು ಓದು. ಹಬ್ಬದ ಆಫರ್ ಮುಗಿದುಹೋಗುತ್ತದೆ ಎಂದು ಸೇಲ್ಸ್ ಹುಡುಗ ಅವಸರಪಡಿಸುತ್ತಿರಬಹುದು. ಅಕ್ಷಯ ತೃತೀಯಕ್ಕೆ ಅದೇ ಆಫರ್ ಹೊಸ ಬ್ಯಾನರ್ ಕಟ್ಟಿಕೊಂಡು ಬರುತ್ತದೆ.

ಚಿಕ್ಕಪ್ಪನ ಕಥೆ ಗೊತ್ತು ಅನ್ನುತ್ತೀಯ. ಅವನು ಫ್ಲ್ಯಾಟ್ ಬುಕ್ ಮಾಡಿದ್ದ ಬದಲಾಪುರದ ಆ ಅರೆಬರೆ ಕಟ್ಟಡದೊಳಗೆ ನೀನು ಕಾಲಿಟ್ಟವಳಲ್ಲ. ಭಾನುವಾರ ಬಂತೆಂದರೆ ಅವನು ಲೋಕಲ್ ಹತ್ತುತ್ತಿದ್ದ, ಎಷ್ಟೋ ಸಲ ನಾನೂ ಜೊತೆಗಿರುತ್ತಿದ್ದೆ. ರಸ್ತೆಯಲ್ಲೇ ನಿಂತು ಕತ್ತೆತ್ತಿ ಸ್ಲ್ಯಾಬ್ ಎಣಿಸುತ್ತಿದ್ದ. ಮೆಟ್ಟಿಲಿಗೆ ರೇಲಿಂಗ್ ಇರಲಿಲ್ಲ. ಗೋಡೆ ಹಿಡಿದು ಹತ್ತಿ, ಚೌಕಟ್ಟೂ ಇಲ್ಲದ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗ್ರೈಂಡರಿಗೊಂದು ಚೌಕ, ಸಿಲಿಂಡರಿಗೊಂದು ವೃತ್ತ ಬರೆದ. ಮಳೆಗಾಲ ಕಳೆದು ಹೋದಾಗ ಗೆರೆ ಅಳಿಸಿತ್ತು, ಮೇಲೆ ಒಂದು ಸ್ಲ್ಯಾಬೂ ಏರಿರಲಿಲ್ಲ. ಮತ್ತೆ ಬರೆದ. ಮರುವರ್ಷವೂ ಬರೆದ. ಕಂಬಗಳ ತಲೆಯ ಸರಳು ತುಕ್ಕು ಹಿಡಿದು ಗೋಡೆಯ ಮೇಲೆಲ್ಲ ಕೆಂಪು ನೀರು ಇಳಿದಿತ್ತು. ಇತ್ತ ಅವನಿದ್ದ ಖೋಲಿಯ ಬಾಡಿಗೆ, ಅತ್ತ ಬ್ಯಾಂಕಿನ ಬಡ್ಡಿ. ನಮ್ಮ ದುಡ್ಡು ಕಲ್ಯಾಣದ ಇನ್ನೊಂದು ಸೈಟಿಗೆ ಹೋಗಿದೆ ಎಂದು ಕಡೆಗೆ ಹೇಳಿದವನು ವಾಚ್‌ಮನ್, ಅದೂ ಚಹಾ ಕೊಟ್ಟು.

ಅದು ಮನೆ ಕೊಳ್ಳುವವರನ್ನು ಕಾಯುವ ರೇರಾ ಕಾನೂನಿಗಿಂತ ಮುಂಚಿನ ಕಾಲ ಎಂದೆ ನೀನು. ಒಪ್ಪಿದೆ. 2017ರ ಮೇ ತಿಂಗಳಿಂದ ಅದನ್ನು ನೋಡಿಕೊಳ್ಳುವ ಮಹಾರೇರಾ ಪ್ರಾಧಿಕಾರ ಇದೆ. ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ. 70ರಷ್ಟನ್ನು ಬಿಲ್ಡರ್ ಆ ಯೋಜನೆಯದ್ದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಒಪ್ಪಂದ ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ತಡವಾದರೆ ಹಣವನ್ನು ಬಡ್ಡಿಸಹಿತ ವಾಪಸ್ ಕೇಳಬಹುದು. ಕೇಳುವುದು ಬೇರೆ, ಕೈಗೆ ಬರುವುದು ಬೇರೆ. ಹಾಗಾಗಿ ಮಹಾರೇರಾದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ, ಮುಗಿಸುವ ದಿನಾಂಕವನ್ನು ಮುಂದೂಡಿದ್ದಾರೆಯೇ ನೋಡು. ಬ್ರೋಶರಿನ ಚದರಡಿ ಬಿಡು, ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ ಎಷ್ಟೆಂದು ಕೇಳು. ಸಾತ್‌ಬಾರಾ ಎಂಬ ಜಮೀನಿನ ದಾಖಲೆ, ಜಾಗ ಯಾರದ್ದೆಂದು ಹೇಳುವ ಟೈಟಲ್ ವರದಿ ಎಲ್ಲವನ್ನೂ ನೀನೇ ಗೊತ್ತುಮಾಡಿದ ವಕೀಲರಿಗೆ ತೋರಿಸು. ಬಿಲ್ಡರ್ ತೋರಿಸಿದ ವಕೀಲರು ಬೇಡ.

ಉಪದೇಶ ಶುರುವಾಯಿತು ಎಂದು ನಗುತ್ತಿರುತ್ತೀಯ. ನಗು, ಆದರೆ ಲೆಕ್ಕವನ್ನೂ ಮಾಡು. ನೀನು ಕೊಳ್ಳುತ್ತಿರುವುದು ಇರುವುದಕ್ಕಲ್ಲ, ಬಾಡಿಗೆಗೆ ಕೊಡಲು. 75 ಲಕ್ಷದ ಮನೆಗೆ ತಿಂಗಳಿಗೆ 22 ಸಾವಿರ ಬಂದರೂ ವರ್ಷಕ್ಕೆ 2.64 ಲಕ್ಷ, ಅಂದರೆ ಶೇ. 3.5. ಸೊಸೈಟಿಯ ಮೆಂಟೆನೆನ್ಸ್, ಮನೆ ತೆರಿಗೆ, ಖಾಲಿ ಬಿದ್ದ ತಿಂಗಳು ಕಳೆದರೆ ಇನ್ನೂ ಕೆಳಗೆ. ಸಾಲದ ಬಡ್ಡಿ ಎಷ್ಟೆಂದು ನೀನೇ ಹೇಳು. ಕಟ್ಟುತ್ತಿರುವ ಮನೆಗೆ ಶೇ. 5 ಜಿಎಸ್‌ಟಿ, ಅಂದರೆ 3.75 ಲಕ್ಷ. ಓಸಿ, ಅಂದರೆ ವಾಸಕ್ಕೆ ಸಿದ್ಧ ಎಂಬ ಪ್ರಮಾಣಪತ್ರ ಸಿಕ್ಕ ಮೇಲೆ ಮಾರುವ ಮನೆಗೆ ಅದಿಲ್ಲ. ಅರ್ಧ ಕಟ್ಟಿದ್ದು ಅಗ್ಗ ಅನ್ನುವಾಗ ಇದನ್ನೂ ಕೂಡಿಸಿಕೋ.

ಬೇಡ ಅನ್ನುತ್ತಿಲ್ಲ. ನಿನ್ನ ಅಜ್ಜಿಯ ಹೆಸರಿನಲ್ಲಿ ಒಂದು ಸೆಂಟ್ಸ್ ಜಾಗವೂ ಇರಲಿಲ್ಲ. ನೀನು ಈ ವಯಸ್ಸಿಗೆ ಸ್ವಂತ ಸಂಪಾದನೆಯಲ್ಲಿ ಮನೆ ನೋಡುತ್ತಿದ್ದೀಯ ಎಂದು ಪಕ್ಕದ ಮನೆಯ ರಾಯರಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ಕೊಂಡರೆ ನಿನ್ನೊಬ್ಬಳ ಹೆಸರಿನಲ್ಲೇ ಕೊಳ್ಳು. ಇಲ್ಲಿ ಹೆಂಗಸರಿಗೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ಕಡಿಮೆ. ನನ್ನ ಹೆಸರು ಸೇರಿಸುವ ಮಾತೇ ಬೇಡ.

ಶನಿವಾರ ಕಲ್ಯಾಣದಿಂದ ಇಂದ್ರಾಯಣಿ ರೈಲು ಹಿಡಿದು ಬರುತ್ತೇನೆ, ಸೈಟಿಗೆ ಹೋಗೋಣ. ಸೇಲ್ಸ್ ಹುಡುಗನೆದುರು ಬಾಯಿ ಬಿಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಒಪ್ಪಂದದ ಕರಡನ್ನು ನಾಳೆಯೇ ಕಳಿಸು. ಮೊಬೈಲಿನಲ್ಲಿ ನನಗೆ ಓದಲಾಗದು, ಝೆರಾಕ್ಸ್ ಅಂಗಡಿ ಮುಚ್ಚುವುದರೊಳಗೆ ಪ್ರಿಂಟ್ ತೆಗೆಸಬೇಕು.

ನಿನ್ನ
ಅಪ್ಪ