ಬೆಲ್ಲನ ಮಾತ್ರೆ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ನಿನ್ನೆ ರಾತ್ರಿಗೆ ನನ್ನ ನಾಯಿ ಬೆಲ್ಲನ ಡಾಕ್ಸಿಸೈಕ್ಲಿನ್ ಮಾತ್ರೆ ಮುಗಿಯಿತು. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್‌ಗೆ ಅದನ್ನು ಸಾಮಾನ್ಯವಾಗಿ ನಾಲ್ಕು ವಾರ ಕೊಡುತ್ತಾರೆ. ಆ ನಾಲ್ಕು ವಾರದಲ್ಲಿ ಅನ್ನ ನುಂಗಿ ಮಾತ್ರೆ ಮಾತ್ರ ಉಗಿಯುವುದನ್ನು ಅವನು ಚೆನ್ನಾಗಿ ಕಲಿತ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಎರಡು ಲಕ್ಷ ದಾಟಿದೆ. ಸೋಫಾ ಹತ್ತಬೇಡ ಅಂದರೆ ಕಿವಿ ಕೇಳದವನ ಹಾಗೆ ಕೂರುತ್ತಾನೆ. ಅಂದರೆ ಹುಷಾರಾಗಿದ್ದಾನೆ.

ಏನಾಯಿತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆ ರಾತ್ರಿ 'ಬೆಲ್ಲನಿಗೆ ರಕ್ತ ಬೇಕು' ಅನ್ನೋ ನನ್ನ ಮೆಸೇಜನ್ನು ಸಿಕ್ಕ ಸಿಕ್ಕ ಗ್ರೂಪಿಗೆಲ್ಲ ಕಳಿಸಿದವರೇ ನೀವು. ಅದನ್ನು ಮತ್ತೆ ಬರೆಯಲ್ಲ.

ದುಡ್ಡು ಕಳಿಸಿದವರಿಗೆ, ಡಬ್ಬಿ ತಂದುಕೊಟ್ಟವರಿಗೆ, ಆಫೀಸಲ್ಲಿ ನನ್ನ ಕೆಲಸ ಎಳೆದುಕೊಂಡು ಹೋದವರಿಗೆ, ಕೆಳಗಿನ ಮನೆ ಆಂಟಿಗೆ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಮನೆಗೆ ಬಂದಾಗ ಒಬ್ಬೊಬ್ಬರಿಗೂ ಹೇಳ್ತೀನಿ.

ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಬೇರೆಯಾಗಿಯೇ ಹೇಳಬೇಕು. ಹೆಬ್ಬಾಳದಲ್ಲಿ ಓದಿದ ಹುಡುಗಿ, ನನಗಿಂತ ಚಿಕ್ಕವಳು. 1958ರಿಂದ ಇರುವ ಆ ವೆಟರಿನರಿ ಕಾಲೇಜಿನ ಮುಂದೆ ಬಸ್ಸಲ್ಲಿ ಸುಮಾರು ಸಲ ಹೋಗಿದ್ದೇನೆ. ಒಳಗೆ ಓದುವವರು ಒಂದು ದಿನ ನನ್ನ ನಾಯಿಯ ತುಟಿ ಎತ್ತಿ ವಸಡು ನೋಡಿ, 'ಬೆಳಿಗ್ಗೆವರೆಗೆ ಕಾಯೋಕಾಗಲ್ಲ, ಈಗಲೇ ರಕ್ತ ಬೇಕು' ಅನ್ನುತ್ತಾರೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ಬೇಡದ ಆಸೆ ಹುಟ್ಟಿಸಲಿಲ್ಲ, ಬೇಡದ ಟೆಸ್ಟ್ ಬರೆಯಲಿಲ್ಲ. ಅದು ದೊಡ್ಡದು.

ಇನ್ನು ಟೈಗರ್‌ನ ಅಮ್ಮ, ಅಂದರೆ ಬೆಲ್ಲನಿಗೆ ರಕ್ತ ಕೊಟ್ಟ ನಾಯಿಯನ್ನು ಸಾಕಿದ ಅಕ್ಕ.

ನಾಯಿಗೆ ರಕ್ತ ಬೇಕು ಅಂದರೆ ನಾಯಿಯೇ ಬರಬೇಕು. ಮನುಷ್ಯರಿಗೆ ತರಿಸುವ ಹಾಗೆ ಅರ್ಧರಾತ್ರಿಯಲ್ಲಿ ಫೋನ್ ಮಾಡಿ ಬಾಟಲಿ ತರಿಸುವುದು ಕಷ್ಟ. ಅದರಲ್ಲೂ ಪ್ಲೇಟ್‌ಲೆಟ್ ಕುಸಿದಿದ್ದರೆ ಆಗಷ್ಟೇ ತೆಗೆದ ರಕ್ತವೇ ಬೇಕು, ಫ್ರಿಜ್ಜಲ್ಲಿಟ್ಟರೆ ಪ್ಲೇಟ್‌ಲೆಟ್ ಉಳಿಯಲ್ಲ. ಕೊಡುವ ನಾಯಿ 25 ಕೆಜಿ ಮೇಲಿರಬೇಕು, ಒಂದರಿಂದ ಎಂಟು ವರ್ಷದೊಳಗಿರಬೇಕು, ಲಸಿಕೆ ಆಗಿರಬೇಕು, ಆ ನಾಯಿಗೂ ಟಿಕ್ ಫೀವರ್ ಇರಬಾರದು. ದೊಡ್ಡ ದೊಡ್ಡ ಲ್ಯಾಬ್ರಡಾರ್ ಸಾಕಿದವರಿಗೆಲ್ಲ ಫೋನ್ ಹೋಯಿತು. ಕೆಲವರು ಎತ್ತಲಿಲ್ಲ, ಕೆಲವರು ಹೆದರಿದರು. ಅವರ ಮೇಲೆ ಕೋಪ ಇಲ್ಲ. ರಾತ್ರಿ ಹನ್ನೊಂದಕ್ಕೆ ಯಾರೋ ನಿಮ್ಮ ನಾಯಿಯ ರಕ್ತ ಕೊಡಿ ಅಂದರೆ ನಾನೂ ಬಾಗಿಲು ಹಾಕಿಕೊಳ್ಳುತ್ತಿದ್ದೆನೇನೋ.

ಲಗ್ಗೆರೆ ಕಡೆಯಿಂದ ಒಂದು ಲಗೇಜ್ ಆಟೋ ಬಂತು. ತಮ್ಮ ಓಡಿಸುತ್ತಿದ್ದ, ಅಕ್ಕ ಹಿಂದೆ ನಾಯಿ ಜೊತೆ ಕೂತಿದ್ದರು. ಹೂವಿನ ಅಂಗಡಿ ಇಟ್ಟುಕೊಂಡಿರುವವರು. ಟೈಗರ್ ಅನ್ನೋದು ಲ್ಯಾಬು-ನಾಟಿ ಬೆರಕೆ, ಹೆಸರಿಗೂ ಸ್ವಭಾವಕ್ಕೂ ಸಂಬಂಧ ಇಲ್ಲ. ಯಾಕೆ ಬಂದಿರಿ ಅಂತ ಕೇಳಿದ್ದಕ್ಕೆ, "ಪಕ್ಕದ ಮನೆ ಹುಡುಗ ಮೊಬೈಲ್ ತೋರಿಸ್ದ, ಬಂದೆ" ಅಂದರು. ಅಷ್ಟೇ.

ಟೈಗರ್‌ನ ಕುತ್ತಿಗೆಯ ಕೂದಲು ಬೋಳಿಸಿ ಅಲ್ಲಿಂದಲೇ 450 ಮಿ.ಲೀ. ತೆಗೆದರು. ಅಷ್ಟು ಹೊತ್ತೂ ಅಕ್ಕ ಅವನ ಮುಖ ತಮ್ಮ ಮಡಿಲಲ್ಲಿ ಇಟ್ಟುಕೊಂಡು ಅಂಗಡಿಯ ಸಾಲದ ಲೆಕ್ಕವನ್ನೆಲ್ಲ ಅವನಿಗೆ ಹೇಳುತ್ತಿದ್ದರು. ಮುಗಿದ ಮೇಲೆ ಅವನು ಬಿಸ್ಕೆಟ್ ತಿಂದು ಮಲಗಿದ. ಅವರು ಹೊರಡಬಹುದಿತ್ತು. ನಾನೇ ಹೊರಡಿ ಅಂದೆ.

"ಮೊದಲು ಇದು ಏರ್ಲಿ" ಅಂದರು.

ನಾಯಿಗೆ ಮೊದಲ ಸಲ ರಕ್ತ ಕೊಡುವಾಗ ತೊಂದರೆ ಕಡಿಮೆ, ಎರಡನೇ ಸಲದಿಂದ ಎರಡೂ ನಾಯಿಗಳ ರಕ್ತ ಹೊಂದುತ್ತಾ ಅಂತ ಮ್ಯಾಚ್ ಮಾಡಲೇಬೇಕು ಅಂತ ಡಾಕ್ಟರ್ ಹೇಳಿದ್ದರು. ಆದರೂ ಮೊದಮೊದಲು ತುಂಬ ನಿಧಾನಕ್ಕೆ ಬಿಡುತ್ತಾರೆ, ಪಕ್ಕದಲ್ಲೇ ನಿಂತು ನೋಡುತ್ತಾರೆ. ಒಂದೂವರೆ ಸುಮಾರಿಗೆ ಬೆಲ್ಲ ನಡುಗೋಕೆ ಶುರು ಮಾಡಿದ. ಮೈ ಸುಡುತ್ತಿತ್ತು. ಡಾಕ್ಟರ್ ರಕ್ತ ನಿಲ್ಲಿಸಿ ಇಂಜೆಕ್ಷನ್ ಕೊಟ್ಟರು. ನಾನು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತೆ.

ಆ ಮೆಟ್ಟಿಲ ಮೇಲೆ ನಾನು ಏನು ಬೇಡಿಕೊಂಡೆ ಅಂತ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಉಳಿಸು ಅಂತ ಅಲ್ಲ. ಹೋಗೋದಾದರೆ ಬೇಗ ಹೋಗಲಿ ಅಂತ. ಅದೇ ಹೊತ್ತಿಗೆ ನಮ್ಮ ಸಂಬಂಧಿಕರೊಬ್ಬರ ಮೆಸೇಜ್ ಬಂತು: "ನಾಯಿ ತಾನೇ, ಇನ್ನೊಂದು ತಂದರಾಯ್ತು." ಓದಿ ಮೊಬೈಲ್ ಎಸೆಯಬೇಕು ಅನಿಸಿತು. ಇನ್ನೊಂದು ಯಾವುದು? ಅಪ್ಪ ತೀರಿಕೊಂಡ ವರ್ಷ ನನ್ನ ಜೊತೆ ಮನೆಯಲ್ಲಿ ಇದ್ದದ್ದು ಇದೊಂದೇ. ಇನ್ನೊಂದು ಎಲ್ಲಿ ಸಿಗುತ್ತೆ, ಹೇಳಿ. ಈಗ ಬರೆಯುವಾಗಲೂ ಕೈ ಬಿಸಿಯಾಗುತ್ತಿದೆ, ಬಿಡಿ.

ಅಕ್ಕ ಹೊರಗೆ ಬಂದು ನಿಂತರು. ಸಮಾಧಾನದ ಮಾತು ಒಂದೂ ಇಲ್ಲ. "ಸಾಯೋದಾದ್ರೂ ನಿನ್ನ ವಾಸನೆ ಇರೋ ಕಡೆ ಸಾಯ್ಲಿ. ಒಳಗ್ ಬಾ" ಅಂದರು.

ಹೋದೆ. ಅವರು ನನ್ನ ದುಪಟ್ಟಾ ಕಿತ್ತುಕೊಂಡು ಬೆಲ್ಲನ ಮೂಗಿನ ಹತ್ತಿರ ಇಟ್ಟರು. ಜ್ವರ ಇಳಿದ ಮೇಲೆ ಡಾಕ್ಟರ್ ರಕ್ತವನ್ನು ಮತ್ತೆ ನಿಧಾನಕ್ಕೆ ಬಿಟ್ಟರು. ವಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು ಅಂತ ನಮಗೆ ತೋರಿಸಿಕೊಟ್ಟಿದ್ದರು. ಅಕ್ಕ ಅದನ್ನೇ ನನಗೆ ಕೆಲಸ ಮಾಡಿಕೊಟ್ಟರು. "ಒತ್ತು. ಎಣಿಸು. ಈಗ ಹೆಂಗೈತೆ?" ಸ್ವಲ್ಪ ಹೊತ್ತಾದರೆ ಮತ್ತೆ, "ಈಗ?" ನಾನು ಅಳುವುದಕ್ಕೂ ಪುರುಸೊತ್ತು ಕೊಡಲಿಲ್ಲ.

ನಾಲ್ಕು ಗಂಟೆಗೆ ಅವರು ಕೆ.ಆರ್. ಮಾರ್ಕೆಟ್‌ನಲ್ಲಿ ಇರಬೇಕಿತ್ತು. ಆಗ ಹೋದರೇ ಒಳ್ಳೆಯ ಹೂವು, ಒಳ್ಳೆಯ ರೇಟು. ತಮ್ಮನನ್ನು ಒಬ್ಬನೇ ಕಳಿಸಿದರು. ಬಾಗಿಲಲ್ಲಿ ನಿಂತು ಫೋನಲ್ಲಿ ಚೌಕಾಸಿ ಮಾಡುತ್ತಿದ್ದದ್ದು ನನಗೆ ಕೇಳುತ್ತಿತ್ತು: "ಸೇವಂತಿಗೆ ತಗೋ. ಕನಕಾಂಬರ ಜಾಸ್ತಿ ಅಂದ್ರೆ ಬಿಟ್ಟಾಕು." ಆವತ್ತು ಅವರಿಗೆ ನಷ್ಟ ಆಗಿದೆ. ಎಷ್ಟು ಅಂತ ಕೇಳಿದರೆ ಬೈಯುತ್ತಾರೆ. ದುಡ್ಡು ಕೊಡೋಕೆ ಹೋಗಿ ಬೈಸಿಕೊಂಡಿದ್ದೇನೆ ಕೂಡ. ಟೈಗರ್‌ಗೆ ಅಂತ ತಂದ ಊಟದ ಚೀಲ ಮಾತ್ರ ತಗೊಂಡರು, ಅದೂ ಅವನ ಕಡೆ ತಿರುಗಿ "ನಿಂದು ಕಣೋ, ದುಡಿದಿದ್ದೀಯ" ಅಂದು.

ಬೆಳಗಾದಾಗ ವಸಡು ತಿಳಿ ಗುಲಾಬಿಗೆ ತಿರುಗಿತ್ತು. ಅವರು ಟೈಗರ್‌ನ ಎಬ್ಬಿಸಿಕೊಂಡು, ನನಗೆ ಟೀ ಕುಡಿ ಅಂತ ಹೇಳಿ, ಹೊರಟೇ ಹೋದರು. ಅವರು ವಾಟ್ಸಾಪ್ ನೋಡೋದು ಕಮ್ಮಿ, ಇದನ್ನು ಓದೋದೂ ಇಲ್ಲ. ಅಂಗಡಿಗೇ ಹೋಗಿ ಓದಿ ಹೇಳುತ್ತೇನೆ. ಅರ್ಧಕ್ಕೇ ನಿಲ್ಲಿಸಿ ಗಿರಾಕಿ ನೋಡುತ್ತಾರೆ ಅಂತ ಗೊತ್ತು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ದೊಡ್ಡ, ಗಟ್ಟಿಮುಟ್ಟಾದ ನಾಯಿ ಇದ್ದರೆ ನಿಮ್ಮ ಡಾಕ್ಟರ ಹತ್ತಿರ ಒಂದು ಸಲ ಮಾತಾಡಿ, ಹೆಸರು ಬರೆಸಿಡಿ. ಅಷ್ಟು ರಕ್ತ ಕೊಟ್ಟರೆ ಆರೋಗ್ಯವಾಗಿರುವ ನಾಯಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಟೈಗರ್ ಸಾಯಂಕಾಲಕ್ಕೇ ಬೀದಿ ಬೆಕ್ಕು ಓಡಿಸುತ್ತಿದ್ದನಂತೆ. ಹಾಗೇ ಈಗ ಮಳೆಗಾಲ, ವಾಕಿಂಗ್ ಮುಗಿಸಿ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಇದೆಯಾ ನೋಡಿ.

ಭಾನುವಾರ ಬೆಲ್ಲನನ್ನು ನೋಡೋಕೆ ಬರ್ತೀವಿ ಅಂದವರೆಲ್ಲ ಬನ್ನಿ. ಪಾರ್ಲೆ-ಜಿ ತರಬೇಡಿ, ಡಾಕ್ಟರ್ ಬೇಡ ಅಂದಿದ್ದಾರೆ. ಅವನು ಒಪ್ಪಿಲ್ಲ, ಅದು ಬೇರೆ ವಿಷಯ.