ಬಚ್ಚಲ ಒಲೆ ಅಲ್ಲ ಸ್ವಾಮಿ ಇದು

ದೀಪಾವಳಿ ಶಾಪಿಂಗು, ಆಮೇಲೆ ಬ್ಲ್ಯಾಕ್ ಫ್ರೈಡೇ, ಈಗ ಕ್ರಿಸ್‌ಮಸ್ ಸೇಲು ಅಂತ ನಮ್ಮ ಮ್ಯಾಸಚೂಸೆಟ್ಸ್ ಕನ್ನಡಿಗರ ಗರಾಜ್‌ಗಳಲ್ಲಿ ಈಗ ಕಾರಿಗೆ ಜಾಗ ಇಲ್ಲ, ಬರೀ ಖಾಲಿ ಬಾಕ್ಸು. ಒಳಗೆ ವುಡ್ ಸ್ಟೋವ್, ಅಂದ್ರೆ ಮನೆ ಬೆಚ್ಚಗಿಡೋ ಸೌದೆ ಒಲೆ, ಉರೀತಿರುತ್ತೆ, ಹೊರಗೆ ಹಿಮ, ರೀಸೈಕ್ಲಿಂಗ್ ಬಿನ್ ತನಕ ಯಾರು ಹೋಗ್ತಾರೆ ಅಂತ ಹರಿದು ಹರಿದು ಸ್ಟೋವಿಗೇ ತುರುಕೋದು. ಮಲೆನಾಡು ಕಡೆಯೋರಿಗಂತೂ ಇದು ಹುಟ್ಟಿನಿಂದ ಬಂದ ಅಭ್ಯಾಸ, ಬಚ್ಚಲ ಒಲೆಗೆ ಅಡಿಕೆ ಹಾಳೆ, ತೆಂಗಿನ ಗರಿ, ಹೋದ ವರ್ಷದ ನೋಟ್‌ಬುಕ್ಕು ಏನು ಸಿಕ್ರೂ ಹಾಕಿ ಹಂಡೆ ನೀರು ಕಾಯಿಸಿದೋರು ನಾವು. ಅಲ್ಲಿ ಹೊಗೆ ಹೆಂಚಿನ ಸಂದೀಲಿ ಹೋಗ್ತಿತ್ತು, ಮಾಡು ಕಪ್ಪಾಗ್ತಿತ್ತು, ಮುಗೀತು. ಇಲ್ಲಿ ಹೊಗೆ ಉದ್ದದ ಚಿಮ್ನಿ ಹತ್ತಿ ಹೋಗ್ಬೇಕು, ಸುತ್ತ ಇರೋದು ಪೂರ್ತಿ ಮರದ ಮನೆ.

ರಾತ್ರಿ ಮಲಗೋವಾಗ ಬೆಳಗಿನ ತನಕ ಕೆಂಡ ಇರ್ಲಿ ಅಂತ ಗಾಳಿ ಕಂಟ್ರೋಲ್ ಪೂರ್ತಿ ಮುಚ್ತೀವಲ್ಲ, ಅದೂ ಸೌದೆ ಹಸಿ ಇದ್ರೆ, ಉರಿ ಏಳಲ್ಲ, ಬರೀ ಹೊಗೆ. ಆ ಹೊಗೆ ತಣ್ಣಗಿರೋ ಚಿಮ್ನಿಗೆ ತಾಗಿ ಕ್ರಿಯೊಸೋಟ್ ಅನ್ನೋ ಬೆಂಕಿ ಹತ್ತೋ ಮಸಿ ಆಗಿ ಅಂಟ್ಕೊಳ್ಳುತ್ತೆ. ಶುರುನಲ್ಲಿ ಪುಡಿ ಮಸಿ, ಆಮೇಲೆ ಚಕ್ಕೆ ಚಕ್ಕೆ, ಹಾಗೇ ಬಿಟ್ರೆ ಟಾರ್ ಥರ ಮಿಂಚೋ ಪದರ, ಅದಕ್ಕೆ ಬ್ರಷ್ ಹಾಕಿದ್ರೂ ಬರಲ್ಲ. ಬೆಳಗ್ಗೆ ಎದ್ದು ಬೇಗ ಬೆಚ್ಚಗಾಗ್ಲಿ ಅಂತ ಒಂದು ದೊಡ್ಡ ಬಾಕ್ಸ್ ಹಾಕ್ತೀವಿ. ರಟ್ಟಿನ ಪದರದ ನಡುವೆ ಗಾಳಿ ಇರೋದ್ರಿಂದ ಅದು ಸೌದೆ ಹಾಗೆ ನಿಧಾನ ಉರಿಯಲ್ಲ, ಒಂದೇ ಸಲ ಭಗ್ ಅಂತ ಏಳುತ್ತೆ, ಜ್ವಾಲೆ ನೇರ ಕೊಳವೆಗೇ ನುಗ್ಗುತ್ತೆ, ಹೊತ್ತಿದ ಚೂರುಗಳು ಹಗುರ, ಅವೂ ಮೇಲೆ ಹಾರ್ತವೆ. ರಾತ್ರಿ ಕೂಡಿಟ್ಟಿದ್ದಕ್ಕೆ ಬೆಳಗ್ಗೆ ನಾವೇ ಕಡ್ಡಿ ಗೀರಿದ ಹಾಗೆ! ಚಿಮ್ನಿ ಒಳಗೆ ಬೆಂಕಿ ಹತ್ತಿದ್ರೆ 2000 ಡಿಗ್ರಿ ಫ್ಯಾರನ್‌ಹೀಟ್ ತನಕ ಹೋಗಬಹುದು, ಲೈನರ್, ಅಂದ್ರೆ ಚಿಮ್ನಿಯ ಒಳಪದರ, ಬಿರುಕು ಬಿಡಬಹುದು. ಎಷ್ಟೋ ಸಲ ಸದ್ದೇ ಇರಲ್ಲ, ಮನೆಯೋರಿಗೆ ಗೊತ್ತೂ ಆಗಲ್ಲ, ಮುಂದಿನ ಸಲ ಬೆಂಕಿ ಆ ಬಿರುಕಿನಿಂದ ಗೋಡೆಗೆ ದಾಟಬಹುದು. ಚಿಮ್ನಿಯಿಂದ ಗೊರಗೊರ ಸದ್ದು ಕೇಳಿದ್ರೆ ಸ್ಟೋವಿನ ಗಾಳಿ ಮುಚ್ಚಿ, ಎಲ್ಲರನ್ನೂ ಹೊರಗೆ ಕರ್ಕೊಂಡು ಬಂದು 911ಗೆ ಫೋನ್ ಮಾಡಿ, ನೀರು ಎರಚೋಕೆ ಹೋಗ್ಬೇಡಿ.

ಬಣ್ಣದ ಪ್ರಿಂಟು, ಟೇಪು, ಗಿಫ್ಟ್ ಪೇಪರ್ ವಿಷಯ ಬೇರೇನೇ, ಹೊಗೆ ಕೆಟ್ಟದ್ದು, ಕ್ಯಾಟಲಿಟಿಕ್ ಸ್ಟೋವ್ ಆದ್ರೆ ಒಳಗೆ ಹೊಗೆಯನ್ನೇ ಸುಡೋ ಕಂಬಸ್ಟರ್ರೂ ಹಾಳು. ಹೊತ್ತಿಸೋಕೆ ಎರಡು ಹಾಳೆ ನ್ಯೂಸ್‌ಪೇಪರ್, ಸಣ್ಣ ಚಕ್ಕೆ ಸಾಕು. ಅಂದ ಹಾಗೆ ನಮ್ಮ ರಾಜ್ಯದಲ್ಲಿ ಕಾರ್ಡ್‌ಬೋರ್ಡ್‌ನ ಕಸದ ಜೊತೆ ಹಾಕೋ ಹಾಗೂ ಇಲ್ಲ, ಚಪ್ಪಟೆ ಮಾಡಿ ರೀಸೈಕ್ಲಿಂಗ್‌ಗೇ ಇಡಿ.

ವರ್ಷಕ್ಕೊಂದು ಸಲ ಚಿಮ್ನಿ ಇನ್‌ಸ್ಪೆಕ್ಷನ್ ಮಾಡಿಸ್ಬೇಕು ಅಂತ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ನೇ ಹೇಳುತ್ತೆ. ಚಳಿ ಬಂದ ಮೇಲೆ ಫೋನ್ ಮಾಡಿದ್ರೆ ಚಿಮ್ನಿ ಕ್ಲೀನ್ ಮಾಡೋರು ಸಿಗೋದು ಕಷ್ಟ, ಬೇಸಿಗೇಲೇ ಬುಕ್ ಮಾಡ್ಕೊಳ್ಳಿ. ಸೌದೇಲಿ ತೇವ 20 ಪರ್ಸೆಂಟ್‌ಗಿಂತ ಕಮ್ಮಿ ಇರ್ಬೇಕು, ಸೀಳಿದ ಹೊಸ ಮುಖಕ್ಕೆ ತೇವ ಅಳೆಯೋ ಮೀಟರ್ ಚುಚ್ಚಿ ನೋಡಿ, ಹೊರಗಡೆ ಚುಚ್ಚಿದ್ರೆ ಸುಳ್ಳು ಹೇಳುತ್ತೆ. ನನ್ನ ಹತ್ರ ಒಂದು ಮೀಟರ್ ಇದೆ, ಸಂಕ್ರಾಂತಿ ಊಟಕ್ಕೆ ತರ್ತೀನಿ, ಬೇಕಾದೋರು ಇಸ್ಕೊಂಡು ಹೋಗಿ, ಯುಗಾದಿ ಒಳಗೆ ವಾಪಸ್ ಕೊಟ್ರೆ ಸಾಕು.