ಮಗಳಿಗೊಂದು ಪತ್ರ: ಆ ಎರಡು ಮೂಟೆ ಅಡಿಕೆ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪಯ್ಯಾ, ಅಡಿಕೆ ಕದ್ದಿಲ್ಲ ಅಂತ ಆ ಕೊನೆಗಾರನ ಮಗ ತೋರಿಸಲೇ ಇಲ್ಲ. ಆದರೂ ಕೋರ್ಟಿನವರು ಅವನನ್ನು ಹೇಗೆ ಬಿಟ್ಟರು?" ಅಂತ. ಆಗ ಸುಮ್ನಾಗಿಬಿಟ್ಟೆ.

ನಮ್ಮ ಅಂಗಳದಿಂದ ಎರಡು ಮೂಟೆ ರಾಶಿ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ, ಕಳುವಾದಾಗ, ನಮ್ಮ ತೋಟದ ಅಡಿಕೆ ಕೊನೆ ತೆಗೆಯುವ ಕೊನೆಗಾರನ ಮಗನ ಹೆಸರು ಮೊದಲು ಹೇಳಿದವನು ನಾನೇ. ಅವನ ಮನೆಯಲ್ಲಿ ಎರಡು ಮೂಟೆ ಸಿಕ್ಕಿತು ಅಂತ ಪೊಲೀಸರು ಅಂದರು. ಊರಿಗೆ ಊರೇ ಕಳ್ಳ ಅಂದಿತು.

ಕೋರ್ಟಿನಲ್ಲಿ ಅವನ ವಕೀಲರು ಮೂಟೆಯ ಬಾಯಿ ಬಿಚ್ಚಿಸಿ, ಒಂದು ಹಿಡಿ ತೆಗೆದು ನನ್ನ ಮುಂದಿಟ್ಟರು. "ಇದು ನಿಮ್ಮದೇ ಅಂತ ಹೇಗೆ ಹೇಳ್ತೀರಿ?" ಅಂಗೈಯಲ್ಲಿಟ್ಟು ನೋಡಿದೆ. ಚೊಗರು ಹಿಡಿದ ಕೆಂಪು ಹೋಳುಗಳು. ನಲವತ್ತು ವರ್ಷ ಅಡಿಕೆ ಬೇಯಿಸಿ ಒಣಗಿಸಿದ ಕೈ ಇದು. ಅಡಿಕೆಯ ಬಗೆಗಳಲ್ಲಿ ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಮುಟ್ಟಿದರೆ ಗೊತ್ತಾಗುತ್ತದೆ. ಆದರೆ ನಮ್ಮ ರಾಶಿ ಯಾವುದು, ಪಕ್ಕದ ತೋಟದ್ದು ಯಾವುದು? ಚೀಲದ ಮೇಲೆ ಗುರುತೂ ಇರಲಿಲ್ಲ. "ಹೇಳೋಕಾಗಲ್ಲ ಸ್ವಾಮಿ" ಅಂದೆ. ಪೊಲೀಸರು ಮಾಲು ವಶಪಡಿಸಿಕೊಂಡಾಗ ಬರೆದ ಮಹಜರಿಗೆ ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರಿಬ್ಬರೂ, ಮೂಟೆ ಸಿಕ್ಕಿದ್ದನ್ನು ತಾವು ನೋಡಿಲ್ಲ ಅಂದರು.

ಕಳುವಾದ ಮಾಲು ಸ್ವಲ್ಪ ದಿನದಲ್ಲೇ ಒಬ್ಬನ ಹತ್ತಿರ ಸಿಕ್ಕಿ, ಅದು ಹೇಗೆ ಬಂತು ಅಂತ ಅವನು ಹೇಳದಿದ್ದರೆ ಕೋರ್ಟು ಅವನನ್ನು ಕಳ್ಳ ಅಂತ ಊಹಿಸಬಹುದು. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇದಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಇದೆ. ಆದರೆ ಅದು ಕಳುವಾದ ಮಾಲೇ ಅಂತ ಮೊದಲು ಪ್ರಾಸಿಕ್ಯೂಷನ್‌ನವರು, ಅಂದರೆ ಕೇಸು ನಡೆಸುವ ಸರ್ಕಾರದ ಕಡೆಯವರು, ತೋರಿಸಬೇಕು ಅಲ್ವಾ? ನಾನೇ ಗುರುತು ಹಿಡಿಯಲಿಲ್ಲ.

ಹುಡುಗ ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಆರೋಪಿಯಿಂದ ಅವನ ವಿರುದ್ಧವೇ ಬಲವಂತವಾಗಿ ಸಾಕ್ಷಿ ಹೇಳಿಸುವಂತಿಲ್ಲ ಅಂತ ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಸಾಕ್ಷ್ಯಕ್ಕೆ ಎರಡು ಅರ್ಥ ಬರುವಂತಿದ್ದರೆ ಆರೋಪಿಗೆ ಅನುಕೂಲವಾದದ್ದನ್ನೇ ಹಿಡಿಯಬೇಕು ಅಂತ 1973ರಲ್ಲಿ ಕಾಳೀರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವರದಕ್ಷಿಣೆ ಸಾವಿನಂಥ ಕೆಲವು ಕೇಸುಗಳಲ್ಲಿ ರುಜುವಾತು ಮಾಡುವ ಭಾರ ಆರೋಪಿಯ ಕಡೆ ವಾಲುತ್ತದೆ, ನಿಜ. ಅಲ್ಲೂ ಮೊದಲ ಹೆಜ್ಜೆ ಪ್ರಾಸಿಕ್ಯೂಷನ್‌ನದೇ.

ಅವನು ತೋರಿಸುವುದಾದರೂ ಹೇಗೆ ಪುಟ್ಟಿ? ಆ ರಾತ್ರಿ ಮನೆಯಲ್ಲೇ ಮಲಗಿದ್ದೆ ಅನ್ನುವುದಕ್ಕೆ ಅವನಿಗಿದ್ದ ಸಾಕ್ಷಿ ಅವನ ತಾಯಿ ಒಬ್ಬರೇ. ವಾಯಿದೆ ವಾಯಿದೆಗೂ ಬಸ್ಸು ಹತ್ತಿ ಬಂದು ಕೋರ್ಟಿನ ಜಗಲಿಯಲ್ಲಿ ಕೂರುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ.

ಅವನು ಕದ್ದನೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಗೊತ್ತಿಲ್ಲದೇ ಹೆಸರು ಹೇಳಿದ್ದೆ. ಅದು ಚುಚ್ಚುತ್ತಿದೆ.

ಈ ಸಲ ಕೊನೆ ತೆಗೆಯಲು ಅಪ್ಪ ಮಗ ಇಬ್ಬರನ್ನೂ ಕರೆಯಬೇಕು ಅಂತಿದ್ದೇನೆ. ನಿನ್ನ ಅಮ್ಮ ಇನ್ನೂ ಒಪ್ಪಿಲ್ಲ. ಹಬ್ಬಕ್ಕೆ ಬಂದಾಗ ನೀನೂ ಒಂದು ಮಾತು ಹೇಳು.

ನಿನ್ನ
ಅಪ್ಪಯ್ಯ